ಹತ್ತು ಗಂಟೆಯ ಮೇಲ್ವಿಚಾರಕ

ಬೇರೆಯವರು ತಡವಾಗಿ ಬಂದರೆ ನನಗೆ ಬರುವ ಸಿಟ್ಟು, ನಾನೇ ತಡವಾಗಿ ಹೋದಾಗ ಮಾತ್ರ ಯಾಕೆ ಬರುವುದಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಇನ್ನೂ ಉತ್ತರ ಸಿಕ್ಕಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊಳಕಾಲ್ಮೂರಿನ ಒಂದು ಸರ್ಕಾರಿ ಕೈಮಗ್ಗ ಕೇಂದ್ರದಲ್ಲಿ ಮೇಲ್ವಿಚಾರಕನಾಗಿದ್ದೆ. ಹೆಸರಿಗೆ ಮೇಲ್ವಿಚಾರಣೆ, ಮಾಡುತ್ತಿದ್ದದ್ದು ಹಾಜರಿ ಪುಸ್ತಕ ಕಾಯುವ ಕೆಲಸ. ರೇಷ್ಮೆ ಸೀರೆ ನೇಯುವ ಹನ್ನೆರಡು ಹೆಂಗಸರು ಹತ್ತು ಗಂಟೆಗೆ ಸಹಿ ಹಾಕಬೇಕು. ತಡವಾದರೆ ಕೆಂಪು ಗೆರೆ. ಕೆಂಪು ಗೆರೆ ಹೆಚ್ಚಾದರೆ ನೋಟಿಸು, ಆಮೇಲೆ ಹೆಸರೇ ಹೋಗುತ್ತದೆ. ಇಷ್ಟು ಕಟ್ಟುನಿಟ್ಟಿನ ನಾನು ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಡ್ರೈವರು ಟೀ ಕುಡಿದರೆ ನನಗೆ ಹತ್ತೂಕಾಲು, ಜತೆಗೆ ಮೆಣಸಿನಕಾಯಿ ಮಂಡಕ್ಕಿಯನ್ನೂ ತಿಂದರೆ ಹತ್ತೂವರೆ. ಅಷ್ಟರಲ್ಲಿ ಹೆಂಗಸರು ತಾವು ಬಂದ ಹೊತ್ತನ್ನು ಪ್ರಾಮಾಣಿಕವಾಗಿ ಬರೆದಿಟ್ಟಿರುತ್ತಿದ್ದರು. ನಾನು ಬೆವರು ಒರೆಸಿಕೊಂಡು ಕೂತು ಅವರಿಗೆ ಗೆರೆ ಎಳೆಯುತ್ತಿದ್ದೆ. ನನಗೆ ಎಳೆಯುವವರು ಯಾರೂ ಇರಲಿಲ್ಲ, ಕೆಂಪು ಪೆನ್ನು ನನ್ನ ಜೇಬಿನಲ್ಲೇ ಇರುತ್ತಿತ್ತು.

ಅತಿ ಹೆಚ್ಚು ಗೆರೆ ತಿಂದವಳು ಲಕ್ಷ್ಮಕ್ಕ. ಅವಳು ನೇಯ್ದ ಸೆರಗು ನೋಡಿದರೆ ಸಿಟ್ಟು ಇಳಿಯುತ್ತಿತ್ತು, ಗಡಿಯಾರ ನೋಡಿದರೆ ಮತ್ತೆ ಏರುತ್ತಿತ್ತು. ದಿನಾ ಹನ್ನೊಂದೂವರೆಗೆ ಬರುತ್ತಿದ್ದಳು.

"ನಮ್ಮತ್ತೆ ಹಾಸಿಗೆ ಹಿಡ್ದೈತೆ ಸಾರ್. ಮೈ ಒರೆಸಿ, ಅಂಬಲಿ ಕುಡಿಸಿ ಬರೋದ್ರಾಗೆ ಇಷ್ಟೊತ್ತಾಗ್ತೈತೆ. ಸಂಜೆ ಏಳರ ತಂಕ ನೇಯ್ತೀನಿ, ಬಿಡ್ರಿ" ಎಂದಳು ಒಮ್ಮೆ.

ಐದಕ್ಕೆ ಬೀಗ ಹಾಕಬೇಕೆಂಬುದು ನಿಯಮ ಎಂದೆ. ಐದೂಕಾಲಿಗೆ ನನ್ನ ಬಸ್ಸು ಎಂದು ಹೇಳಲಿಲ್ಲ. ಕೊನೆಗೆ ಅವಳ ನೋಟಿಸು ಬರೆದೆ. ಕೊಡಲು ಧೈರ್ಯ ಸಾಲದೆ ವಾರವಿಡೀ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಆ ವಾರವೇ ಒಂದು ದಿನ ಬಸ್ಸು ಪಂಚರಾಗಿ ನಾನು ತಲುಪಿದಾಗ ಹನ್ನೆರಡು. ನನ್ನ ಕುರ್ಚಿಯಲ್ಲಿ ಜಿಲ್ಲಾ ಕಚೇರಿಯ ಹೊಸ ಅಧಿಕಾರಿ ಮೇಡಂ ಕೂತು ಹಾಜರಿ ಪುಸ್ತಕ ತಿರುವುತ್ತಿದ್ದರು.

"ಮೇಲ್ವಿಚಾರಕರೇ, ನಿಮ್ಮ ಹತ್ತು ಗಂಟೆ ಈಗ ಆಯಿತೇ?"

ಆಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಲಕ್ಷ್ಮಕ್ಕನ ದನಿ ಬಂತು. "ದಿನಾ ಹೊತ್ತಿಗೆ ಸರಿಯಾಗಿ ಬರ್ತಾರ್ರಿ ಮೇಡಮ್ಮಾರೆ. ಇವತ್ತೇ ಬಸ್ಸು ಕೈಕೊಟ್ಟೈತೆ ಕಣ್ರಿ."

ಅವಳು ನನಗಾಗಿ ಸುಳ್ಳು ಹೇಳುತ್ತಿದ್ದಳು. ಅವಳ ಹೆಸರು ತೆಗೆಯುವ ಕಾಗದ ನನ್ನ ಎದೆಗೇ ಒತ್ತಿಕೊಂಡಿತ್ತು. ಅದೇನಾಯಿತೋ, ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟೆ. ಅವಳ ಅತ್ತೆಯ ವಿಷಯ, ನನ್ನ ಬಸ್ಸಿನ ವಿಷಯ, ಡ್ರೈವರನ ಮಂಡಕ್ಕಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ.

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ನನ್ನನ್ನೂ ಕರೆದುಕೊಂಡು ನೇರವಾಗಿ ಲಕ್ಷ್ಮಕ್ಕನ ಮನೆಗೆ ಹೋಗಿ ನಡುಮನೆಯನ್ನು ಹೆಜ್ಜೆ ಹಾಕಿ ಅಳೆದರು. "ಇಲ್ಲಿ ಮಗ್ಗ ಹಿಡಿಸುತ್ತಲ್ಲ! ಸರ್ಕಾರಕ್ಕೆ ಬೇಕಾಗಿರುವುದು ಸೀರೆಯೋ, ಸಹಿಯೋ?" ಎಂದು ನನ್ನನ್ನೇ ಕೇಳಿದರು. ಸರ್ಕಾರದ ಪರವಾಗಿ ನಾನು ಸೀರೆ ಎಂದೆ.

ಮೂರು ತಿಂಗಳಿಗೆ ಆದೇಶ ಬಂತು. ಬೇಕಾದವರ ಮನೆಗೇ ಮಗ್ಗ ಹಾಕಿಸಿ ಕೊಡುವುದು. ಅವರವರ ಅನುಕೂಲದ ಹೊತ್ತಿನಲ್ಲಿ ನೇಯಬಹುದು. ಒಪ್ಪಿದ ದಿನಕ್ಕೆ ಸೀರೆ ಬಂದರೆ ಸಾಕು. ಹೆಂಗಸರಿಗೆ ಓದಿ ಹೇಳಿದೆ. "ಅಂಗಾರೆ ಗೆರೆ ಇಲ್ಲೇನ್ರಿ?" ಎಂದು ಲಕ್ಷ್ಮಕ್ಕ ಕೇಳಿದಳು. ಇಲ್ಲ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಹೆಗಲ ಮೇಲಿನ ಮೂಟೆ ಇಳಿದಂತಾಯಿತು.

ಆದರೆ ಮನೆಮನೆಗೆ ಹೋಗಿ ನೇಯ್ಗೆ ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಬಸ್ಸಿಳಿದವನೇ ಓಡಿದೆ. "ಈಗ ಅಡಿಗೆ ಹೊತ್ತು ಸಾರ್, ಮೂರಕ್ಕೆ ಮಗ್ಗದಾಗೆ ಕೂಡ್ತೀನಿ, ಅಲ್ಲೀಗಂಟ ಕುಂತ್ಕಳ್ರಿ" ಎಂದು ಲಕ್ಷ್ಮಕ್ಕ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಜಗಲಿಯ ಮೇಲೆ ಕೂತೆ. ಒಂದು ಗಂಟೆಯಾಯಿತು, ಎರಡಾಯಿತು. ಕಿಟಕಿಯಾಚೆ ಮಲಗಿದ್ದ ಅತ್ತೆ ನನ್ನನ್ನೇ ದಿಟ್ಟಿಸುತ್ತಿದ್ದವರು, ಕೊನೆಗೆ ಸೊಸೆಯನ್ನು ಕರೆದು ತೆಲುಗಿನಲ್ಲಿ ಕೇಳಿದರು: "ಪಾಪಂ, ಈಯನಕಿ ಪನೀ ಪಾಟಾ ಏಮೀ ಲೇದಾ?"

ಪಾಪ, ಈಯಪ್ಪನಿಗೆ ಮಾಡಲು ಏನೂ ಕೆಲಸವಿಲ್ಲವೇ ಎಂದು. ಗಡಿಯ ಊರಿನಲ್ಲಿ ಇದ್ದವನಿಗೆ ಅಷ್ಟು ತೆಲುಗು ಬರುತ್ತದೆ. ಬಾರದವನಂತೆ ಮಜ್ಜಿಗೆ ಕುಡಿದೆ.