ಬೆರಳು ತಾಗಿತು

ಸುಳ್ಳು ಹೇಳುವುದು ಈಗ ಬಹಳ ಸುಲಭವಾಗಿದೆ. ನಮ್ಮ ಕಾಲದಲ್ಲಿ ಒಂದು ಸುಳ್ಳಿಗೆ ಮನುಷ್ಯ ಸಾಕಷ್ಟು ತಯಾರಿ ಮಾಡಿಕೊಳ್ಳಬೇಕಾಗಿತ್ತು. ಮದುವೆಗೆ ಹೋಗಲಿಲ್ಲವೆಂದರೆ ಜ್ವರ ಬಂದಿತ್ತೆನ್ನಬೇಕು. ಜ್ವರವೆಂದ ಮೇಲೆ ಮುಂದಿನ ಸಂತೆಯಲ್ಲಿ ಆ ಮನೆಯವರು ಸಿಕ್ಕಾಗ ಸ್ವಲ್ಪ ಕೆಮ್ಮಬೇಕು. ಹೆಂಡತಿಗೂ ಮೊದಲೇ ಹೇಳಿಟ್ಟಿರಬೇಕು, ಇಲ್ಲವಾದರೆ ಅವಳು ಅಲ್ಲಿಯೇ ನಿಂತು, "ಜ್ವರಾ? ಯಾವಾಗ ಬಂದಿತ್ರಿ ನಿಮಗ?" ಎಂದು ಕೇಳಿಬಿಡುತ್ತಾಳೆ. ಈಗ ಆ ಕಷ್ಟವಿಲ್ಲ. ನೆಟ್‌ವರ್ಕ್ ಇರಲಿಲ್ಲ, ಚಾರ್ಜ್ ಇಳಿದಿತ್ತು, ಸೈಲೆಂಟ್‌ನಲ್ಲಿತ್ತು ಎಂದರೆ ಸಾಕು, ಮೊಬೈಲು ನಮ್ಮ ತಪ್ಪನ್ನೆಲ್ಲ ತಾನೇ ಹೊತ್ತುಕೊಂಡು ಸುಮ್ಮನಿರುತ್ತದೆ. ಇಂಥ ಸುಳ್ಳುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು 'ಬೆರಳು ತಾಗಿತು' ಎಂಬುದು. ಮುದುಕರಿಗಂತೂ ಅಳತೆ ತೆಗೆದು ಹೊಲಿಸಿದಂತಿದೆ. ನಮ್ಮ ಬೆರಳು ನಡುಗುತ್ತದೆ, ಕಣ್ಣು ಮಂಜು ಎಂದು ಜನ ಮೊದಲೇ ನಂಬಿಕೊಂಡಿದ್ದಾರೆ. ನಾನೂ ಅದನ್ನು ಹೇಳಿದೆ. ಹೇಳಿ, ಕಿತ್ತೂರಿನಲ್ಲಿ ಬೀಗರ ಪಡಸಾಲೆಯಲ್ಲಿ ಊರ ಹೆಂಗಸರ ಮುಂದೆ ಬೆನ್ನು ಬಾಗಿಸಿದೆ. ಅದು ಹೇಗಾಯಿತೆಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ. ನನ್ನ ನೌಕರಿಯ ಬಹುಭಾಗ ಈ ರಸ್ತೆಯ ಮೇಲೆಯೇ ಕಳೆಯಿತು. ಕಂಡಕ್ಟರನ ಕೆಲಸ ಟಿಕೀಟು ಹರಿಯುವುದೆಂದು ಜನ ತಿಳಿದಿದ್ದಾರೆ. ಅದು ಸರಕಾರದ ಕೆಲಸ. ಜನರ ಕೆಲಸ ಬೇರೆಯೇ ಇತ್ತು. ಹೂಲಿಯ ಕಡೆ ಇಳಿಯುವ ಮುದುಕಿ ಬಾಗಿಲಲ್ಲಿ ನಿಂತು, "ಕಂಡಕ್ಟರ, ರಾಮದುರ್ಗದ ಸ್ಟ್ಯಾಂಡಿನ್ಯಾಗ ನನ್ನ ಅಳಿಯ ಚುರಮುರಿ ಮಾರತಾನ, ಎಮ್ಮಿ ಈದೈತಿ ಅಂತ ಹೇಳೋ ಯಪ್ಪಾ" ಎನ್ನುವಳು. ಎಮ್ಮೆ ಈದದ್ದು, ಹೆಣ್ಣು ನೋಡಲು ಬಂದವರು ಒಪ್ಪಿದ್ದು, ಅಜ್ಜ ತೀರಿಕೊಂಡದ್ದು, ಎಲ್ಲವೂ ನನ್ನ ಬಾಯಿಯಲ್ಲಿ ಪ್ರಯಾಣ ಮಾಡುತ್ತಿದ್ದವು. ಯಾವ ಸುದ್ದಿಯಾದರೂ ನನಗೆ ಮೊದಲು ಗೊತ್ತಾಗುತ್ತಿತ್ತು, ನಂತರ ಸಂಬಂಧಪಟ್ಟವರಿಗೆ. ಬಸ್ಸು ನಿಲ್ಲುವ ಮೊದಲೇ ಊರಿನ ಹೆಸರು ಕೂಗುವುದು ನನ್ನ ಕಸುಬು. ಅದು ಮೈಗೆ ಹತ್ತಿದ ಚಟವೆಂದು ಆಗ ಗೊತ್ತಿರಲಿಲ್ಲ. ಅದಕ್ಕೆ ಸಂಬಳ ಕೊಡುತ್ತಿದ್ದರು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ನಾನು ನಿವೃತ್ತನಾದದ್ದು ವಯಸ್ಸಿನಿಂದ ಎಂದು ಕಾಗದದಲ್ಲಿದೆ. ನಿಜವಾಗಿ ನನ್ನನ್ನು ಅದಕ್ಕೂ ಮೊದಲೇ ಮೊಬೈಲು ಕೆಳಗಿಳಿಸಿತ್ತು. ಕೊನೆಕೊನೆಗೆ ನಾನು ಯಾರಿಗಾದರೂ ಸುದ್ದಿ ಹೇಳಲು ಹೋದರೆ, "ಗೊತ್ತಾತ್ರಿ, ಮುಂಜಾನೆನ ಫೋಟೋ ಬಂತು" ಎಂದು ಕಿಟಕಿಯ ಹೊರಗೆ ನೋಡುತ್ತಿದ್ದರು. ಸತ್ತವನ ಊರಿಗೆ ಬಸ್ಸು ಮುಟ್ಟುವಷ್ಟರಲ್ಲಿ ಅವನ ಭಾವಚಿತ್ರಕ್ಕೆ ಮೊಬೈಲಿನಲ್ಲಿಯೇ ಹೂಮಾಲೆ ಬಿದ್ದಿರುತ್ತಿತ್ತು.

ಇದೆಲ್ಲ ಸಹಿಸಿದ್ದೆ. ಸಹಿಸಲಾಗದ್ದು ಈ ವರ್ಷ ನಡೆಯಿತು. ನನ್ನ ಮಗ ಪ್ರಕಾಶ ಬೈಲಹೊಂಗಲದ ಬಜಾರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಸೊಸೆ ವಿದ್ಯಾ ಚೊಚ್ಚಲ ಹೆರಿಗೆಗೆಂದು ಕಿತ್ತೂರಿನ ತವರಿಗೆ ಹೋಗಿದ್ದಳು. ದಿನ ಹತ್ತಿರ ಬಂದಾಗ ಪ್ರಕಾಶನೂ ಹೋದ. ನಾನು ರೂಢಿಯಂತೆ ಚಹಾದ ಅಂಗಡಿಯಲ್ಲಿ ಕುಳಿತಿದ್ದೆ. ಅಂಗಡಿಯ ಮಲ್ಲೇಶಿ ಒಂದು ಕೈಯಲ್ಲಿ ಸೋಸಣಿಕೆ, ಇನ್ನೊಂದರಲ್ಲಿ ಮೊಬೈಲು ಹಿಡಿದು, "ಕಾಕಾ, ಪೇಡೆ ಎಲ್ಲ್ಯದಾವ್ರಿ?" ಎಂದ.

"ಯಾವ ಪೇಡೆಲೇ?"

"ಮೊಮ್ಮಗಳು ಬಂದಾಳಲ್ರೀ! ಪ್ರಕಾಶಣ್ಣ ಸ್ಟೇಟಸ್ ಹಾಕ್ಯಾನ."

ನಾನು ಗೊತ್ತಿದ್ದವನಂತೆ ನಕ್ಕು, "ಸಂಜಿಗೆ ಕೊಡಸ್ತೇನಿ ತಗೋ" ಎಂದು ಎದ್ದೆ. ಮಗ ನನಗೆ ಫೋನು ಮಾಡಿದ್ದನಂತೆ; ನನ್ನದು ಸೈಲೆಂಟ್‌ನಲ್ಲಿತ್ತು. ಇದು ಮಾತ್ರ ಸುಳ್ಳಲ್ಲ. ಆ ರಸ್ತೆಯ ಎಲ್ಲ ಸುದ್ದಿಗಳನ್ನೂ ಮೊದಲು ಕೇಳಿದವನು ಸ್ವಂತ ಮೊಮ್ಮಗಳ ಸುದ್ದಿಯನ್ನು ಚಹಾದವನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಮನೆಯ ತನಕ ಗೊಣಗಿಕೊಂಡು ಹೋದೆ. ಆ ದಿನವೇ ನನ್ನೊಳಗೆ ಒಂದು ದುರ್ಬುದ್ಧಿ ಮೊಟ್ಟೆಯಿಟ್ಟಿತೆಂದು ಈಗ ಅನಿಸುತ್ತದೆ.

ಹೆಸರಿಡುವ ದಿನ ಗೊತ್ತಾಯಿತು. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಕೂಸಿನ ತಂದೆಯ ಅಕ್ಕ-ತಂಗಿಯದು. ಅವಳು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುತ್ತಾಳೆ. ಅದೇ ಹೊತ್ತಿಗೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ನಾನು ಹಲವರನ್ನು ಕೇಳಿದ್ದೇನೆ. ಗುದ್ದುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ಆದರೆ ಗುದ್ದು ಬೀಳುವ ತನಕ ಹೆಸರು ಯಾರಿಗೂ ತಿಳಿಯಬಾರದು, ಅದರಲ್ಲಿಯೇ ಸೊಗಸು.

ಸೋದರತ್ತೆ ಎಂದರೆ ನನ್ನ ಮಗಳು ಶೋಭಾ. ರಾಮದುರ್ಗದಲ್ಲಿ ಗಂಡನ ಸೀರೆ ಅಂಗಡಿಯನ್ನು ಗಂಡನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಒಂದು ದಿನ ಫೋನು ಮಾಡಿ, ದನಿ ತಗ್ಗಿಸಿ, "ಯಪ್ಪಾ, ಕೂಸಿಗೆ ನೀಲಾ ಅಂತ ಇಡತೇನಿ. ಆಯಿ ಹೆಸರು. ನಿಮ್ಮವ್ವನ ಹೆಸರಂತ ನಿನಗಷ್ಟ ಹೇಳೇನಿ. ನಮ್ಮ ಮನಿಯವರಿಗೂ ಗೊತ್ತಿಲ್ಲ. ಬಾಯಿ ಬಿಟ್ಟಿ ನೋಡು!" ಎಂದಳು. ನನ್ನ ತಾಯಿ ನೀಲವ್ವ ಶೋಭಾಳನ್ನು ಮಡಿಲಲ್ಲಿಟ್ಟುಕೊಂಡೇ ಬೆಳೆಸಿದವಳು. "ಯಾರ ಮುಂದೂ ಹೇಳೂದಿಲ್ಲವಾ" ಎಂದೆ. ಆಗ ಅದು ನಿಜವೇ ಆಗಿತ್ತು.

ಗುಟ್ಟು ಎಂಬುದು ಬೇರೆಯವರಿಗೆ ಹೊಟ್ಟೆಯಲ್ಲಿರುತ್ತದಂತೆ. ನನಗೆ ಅದು ನಾಲಿಗೆಯ ತುದಿಯಲ್ಲಿ, ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವನ ಹಾಗೆ ಇರುತ್ತದೆ. ಎರಡು ದಿನ ತಡೆದೆ. ಹೆಂಡತಿ ಗಂಗವ್ವನಿಗೂ ಹೇಳಲಿಲ್ಲ. ನಾನು ಬಾಯಿ ಬಿಗಿಹಿಡಿದದ್ದು ಕಂಡು ಅವಳು, "ಯಾಕ್ರಿ, ಹಲ್ಲ ನೋಯಾಕತ್ತಾವೇನು?" ಎಂದು ಲವಂಗ ಕೊಟ್ಟಳು. ಒಂದು ಮಧ್ಯಾಹ್ನ ಗಂಗವ್ವ ಮಲಗಿದ್ದಾಗ ಮೊಬೈಲಿನಲ್ಲಿ ಕೂಸಿನ ಫೋಟೋಕ್ಕೆ ಹೂವಿನ ಚೌಕಟ್ಟು ಹಾಕಿ 'ನೀಲಾ' ಎಂದು ಬರೆದೆ. ಸುಮ್ಮನೆ ಬರೆದು ನೋಡೋಣವೆಂದಷ್ಟೇ. ಬಹಳ ಚೆನ್ನಾಗಿ ಕಂಡಿತು. ಇಷ್ಟು ಚೆನ್ನಾಗಿರುವ ಹೆಸರನ್ನೂ ನಾಳೆ ಮಲ್ಲೇಶಿಯೇ ನನಗಿಂತ ಮೊದಲು ಊರಿಗೆ ಹೇಳುತ್ತಾನಲ್ಲ ಎಂದು ಅನಿಸಿತು. ಮುಂದಿನದನ್ನು ಬೆರಳು ಮಾಡಿತೆಂದು ಊರಿಗೆಲ್ಲ ಹೇಳಿದ್ದೇನೆ. ನಿಮಗೆ ಹೇಳುತ್ತೇನೆ: ಬೆರಳು ನಡುಗಲಿಲ್ಲ. ಕನ್ನಡಕ ಒರೆಸಿಕೊಂಡು, ಬೀಗರೂ ಬಿಜ್ಜರೂ ಇರುವ ನಮ್ಮ ದೊಡ್ಡ ಗ್ರೂಪನ್ನು ಹುಡುಕಿ, ಒತ್ತಿದೆ.

ಒತ್ತಿದ ಮರುಕ್ಷಣವೇ ಶೋಭಾಳ ಮಾತು ನೆನಪಾಯಿತು. ಕೂಡಲೇ ಅಳಿಸಿದೆ. ಅಳಿಸುವಾಗ ಮೊಬೈಲು ಏನೋ ಕೇಳಿತು, ನಾನು ಹೂಂ ಅಂದೆ. ಫೋಟೋ ಮಾಯವಾಯಿತು. ನಿಟ್ಟುಸಿರು ಬಿಟ್ಟು, ಮಗ್ಗಲು ಬದಲಿಸಿ, ನಿದ್ದೆ ಮಾಡಿದೆ. ಅದು ಕೇಳಿದ್ದು, 'ನಿನಗಷ್ಟೇ ಅಳಿಸಲೋ, ಎಲ್ಲರಿಗೂ ಅಳಿಸಲೋ' ಎಂದು ಆಮೇಲೆ ತಿಳಿಯಿತು. ನಾನು ನನಗಷ್ಟೇ ಅಳಿಸಿಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಮೊಬೈಲಿನವರು ಒಂದು ಗುಂಡಿಯಾಗಿಯೇ ಮಾಡಿಟ್ಟಿದ್ದಾರೆ.

ಎದ್ದಾಗ ಗಂಗವ್ವ ಮಂಚದ ಪಕ್ಕದಲ್ಲಿ ಮೊಬೈಲು ಹಿಡಿದು ನಿಂತಿದ್ದಳು. 'ಛಲೋ ಹೆಸರು', 'ನೀಲಾ ಪುಟ್ಟಿಗೆ ಆಶೀರ್ವಾದ' ಎಂದು ಸಾಲುಸಾಲು ಬಂದಿದ್ದವು. ಕಿತ್ತೂರಿನ ಬೀಗರು ತೊಟ್ಟಿಲ ಹಿಂದೆ ಕಟ್ಟಲು ಥರ್ಮೋಕೋಲಿನಲ್ಲಿ ಹೆಸರು ಕೊರೆಯಲು ಹೇಳಿಯೂ ಆಗಿತ್ತು. "ಬೆರಳು ತಾಗಿತು" ಎಂದೆ. ಗಂಗವ್ವ ಮೊಬೈಲನ್ನು ನನ್ನ ಎದೆಯ ಮೇಲಿಟ್ಟು ಅಡಿಗೆಮನೆಗೆ ಹೋದಳು. ಅವಳು ಬೈದರೆ ನನಗೆ ಹಿತ. ಬೈಯದಿದ್ದರೆ ಸಾರಿನಲ್ಲಿ ಉಪ್ಪಿರುವುದಿಲ್ಲ.

ಸಂಜೆಗೆ ಶೋಭಾಳ ಫೋನು ಬಂತು. ಗಂಗವ್ವನಿಗೆ. "ಯವ್ವಾ, ನಾ ಬರೂದಿಲ್ಲ. ಕೂಸಿನ ಕಿವ್ಯಾಗ ಹೇಳಾಕ ಇನ್ನೇನ ಉಳದೈತಿ? ಯಪ್ಪಗ ಹೇಳು, ಅವನ ಹೇಳಲಿ, ಅವನ ಗುದ್ದ ತಿನ್ನಲಿ."

ಬೀಗರು ಬಲು ಸಮಾಧಾನದ ಮನುಷ್ಯರು. ಫೋನಿನಲ್ಲಿ, "ಚಿಂತಿ ಮಾಡಬ್ಯಾಡ್ರಿ ಬೀಗರ, ವಿಡಿಯೋ ಕಾಲ್ ಮಾಡೂಣು. ಕೂಸಿನ ಕಿವಿಗೆ ಮೊಬೈಲ್ ಹಿಡದ್ರ ಆತು" ಎಂದರು. ನಾನು ಅದು ಒಳ್ಳೆಯ ಉಪಾಯವೆಂದು ಗಂಗವ್ವನ ಮುಂದೆ ಹೇಳಿದೆ. ಅಂದು ಮೊದಲ ಬಾರಿ ಅವಳು ಬಾಯಿ ಬಿಟ್ಟಳು. "ಗುದ್ದೂ ಮೊಬೈಲಿಗೆ ಹಾಕೂದೇನ್ರಿ? ನಡೀರಿ, ರಾಮದುರ್ಗಕ್ಕ ಹೋಗೂಣು. ಮಗಳು ಬರಲಿಲ್ಲಂದ್ರ ನಾನೂ ಕಿತ್ತೂರಿಗೆ ಬರೂದಿಲ್ಲ."

ಹಾಗೆ ನಾನು ನನ್ನ ಹಳೆಯ ರಸ್ತೆಯ ಮೇಲೆ ಪ್ರಯಾಣಿಕನಾಗಿ ಹೊರಟೆ. ಕಂಡಕ್ಟರ್ ಎಳೆಯ ಹುಡುಗಿ. ಯಂತ್ರ ಒತ್ತಿ ಟಿಕೀಟು ಕೊಟ್ಟು, ಕಿವಿಗೆ ಏನೋ ಸಿಕ್ಕಿಸಿಕೊಂಡು ಕುಳಿತಳು. ಬಸ್ಸಿನಲ್ಲಿ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಅಂಗೈಯೊಳಗೆ ಇಳಿದಿದ್ದರು. ಸವದತ್ತಿ ಬಂದಾಗ ಅಭ್ಯಾಸಬಲದಿಂದ ನಾನೇ, "ಸವದತ್ತಿ! ಸವದತ್ತಿ ಇಳೀರಿ!" ಎಂದು ಕೂಗಿದೆ. ಹುಡುಗಿ ಹೊರಳಿ ನೋಡಿದಳು. ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಚಿಕೆಯಿಂದಲೋ ನಗೆಯಿಂದಲೋ ತಿಳಿಯಲಿಲ್ಲ.

ಶೋಭಾ ಅಂಗಡಿಯಲ್ಲಿಯೇ ಇದ್ದಳು. ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸುತ್ತಿದ್ದವಳು ನಮ್ಮನ್ನು ಕಂಡು, ಅದನ್ನು ಮಡಚುತ್ತಾ, "ಕುಂದರ್ರಿ" ಎಂದಷ್ಟೇ ಹೇಳಿದಳು. ಅಳಿಯ ಚಹಾ ತರುವ ನೆಪದಲ್ಲಿ ಪಾರಾದ. ಗಿರಾಕಿಗಳು ಹೋದ ಮೇಲೆ ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನು ಬಿಟ್ಟು ಅದನ್ನೇ ಹೇಳಿದೆ. "ಬೆರಳು ತಾಗಿತವಾ."

ಅವಳು ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು. ಹೂವಿನ ಚೌಕಟ್ಟು, ಕೂಸು, ಹೆಸರು. ಅದರ ಕೆಳಗೆ ನಾನೇ ಬರೆದು ಮರೆತಿದ್ದ ಒಂದು ಸಾಲು: 'ಎಲ್ಲರಿಗಿಂತ ಮೊದಲು ತಿಳಿಸಿದವರು: ಅಜ್ಜ.'

"ಬೆರಳು ತಾಗಿದ್ದಕ್ಕ ಹೆಸರು ಹೋತು ಅನ್ನೂಣು. ಇದೂ ತಾಗಿ ಬರೀತೇನ ಯಪ್ಪಾ?"

ಕೆಟ್ಟುಹೋದ ಬಸ್ಸಿನಿಂದ ಇಳಿಯುವ ಹಾಗೆ ನಾನು ಆ ಸುಳ್ಳಿನಿಂದ ನಿಧಾನವಾಗಿ ಇಳಿದೆ. ಮಲ್ಲೇಶಿಯ ಅಂಗಡಿಯ ಪೇಡೆಯ ಮಾತಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ಆಸೆ ಆತವಾ. ಒಮ್ಮೆರೆ ನಾ ಮೊದಲ ಹೇಳಬೇಕಂತ" ಎಂದೆ. ಶೋಭಾ ತಲೆ ತಗ್ಗಿಸಿ ಸೀರೆಯ ಅಂಚು ನೇವರಿಸುತ್ತಿದ್ದಳು. ತಲೆ ಎತ್ತದೆಯೇ, "ಆಯಿ ನನ್ನ ಕಿವ್ಯಾಗ ಹೇಳಿದ್ದ ಕತಿ ನಾ ಯಾರಿಗೂ ಹೇಳಿಲ್ಲ, ಗೊತ್ತೈತಿ? ಈ ಹೆಸರೂ ಹಂಗ ಒಂದ ಹೊತ್ತರೆ ನಮ್ಮಿಬ್ಬರದ ಇರಬೇಕಂತ ಇತ್ತು, ನನ್ನದೂ ಕೂಸಿಂದೂ" ಎಂದಳು. ಅಳಿಯ ತಂದಿಟ್ಟ ಚಹಾ ಆರಿತು. ಕೊನೆಗೆ ಶೋಭಾ ಎದ್ದು, "ಬರತೇನಿ. ಆದ್ರ ಗುದ್ದು ನನಗಲ್ಲ" ಎಂದಳು.

ಕಿತ್ತೂರಿನಲ್ಲಿ ತೊಟ್ಟಿಲು ಕಟ್ಟಿತ್ತು, ಕಾಳಿನ ಗುಗ್ಗರಿ ಬೆಂದಿತ್ತು, ಗೋಡೆಯ ಮೇಲೆ ಆಳೆತ್ತರದ 'ನೀಲಾ' ಹೊಳೆಯುತ್ತಿತ್ತು. ಶೋಭಾ ಕೂಸಿನ ತಲೆಗೆ ತಾನೇ ಹೊಲಿದ ಕುಲಾಯಿ ಹಾಕಿದಳು. ಆಮೇಲೆ ನನ್ನ ಕೈ ಹಿಡಿದು ಹೆಂಗಸರ ನಡುವೆ ಎಳೆದುಕೊಂಡು ಹೋಗಿ, "ಹೆಸರು ಜಗತ್ತಿಗೆ ಹೇಳಿದವರು ಇವರು. ಬೆನ್ನೂ ಇವರದ" ಎಂದು ಬಾಗಿಸಿ ನಿಲ್ಲಿಸಿದಳು. ನಾನು ತಮಾಷೆ ಎಂದುಕೊಂಡೆ. ಕಿತ್ತೂರಿನ ಹೆಂಗಸರು ತಮಾಷೆಯನ್ನು ಬಹಳ ಮನಸ್ಸಿಟ್ಟು ಮಾಡುತ್ತಾರೆ. ಬೀಗಿತಿಯವರದು ರೊಟ್ಟಿ ಬಡಿದು ಪಳಗಿದ ಕೈ. ಒಂದು ಗುದ್ದು ಮಾತ್ರ ಬಳೆಯ ಸದ್ದಿನಿಂದ ಪರಿಚಿತವೆನಿಸಿತು. ಹೊರಳಿ ನೋಡಿದರೆ ಗಂಗವ್ವ.

ಈ ಗದ್ದಲದಲ್ಲಿ ಶೋಭಾ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. 'ನೀಲಾ' ಎನ್ನಲು ಅಷ್ಟು ಹೊತ್ತು ಬೇಡ. ಕೂಸು ಅಳು ನಿಲ್ಲಿಸಿ ಅವಳ ಮುಖ ನೋಡಿತು. ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದೆ. "ಅದೇನ ಹೇಳಿದೆವಾ?"

"ಹೆಸರು."

"ನೀಲಾ ಅಂತ?"

"ಅದು ಗ್ವಾಡಿ ಮ್ಯಾಲಿಂದು. ಕಿವ್ಯಾಗಿಂದು ಬ್ಯಾರೆ ಐತಿ" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಹೋದಳು.

ನನ್ನ ಗುದ್ದಿನ ವಿಡಿಯೋ ಅಂದೇ ಎಲ್ಲ ಕಡೆ ಹೋಯಿತು. ನಾನು ಬೈಲಹೊಂಗಲಕ್ಕೆ ಮರಳುವ ಮೊದಲೇ ಮಲ್ಲೇಶಿ ನೋಡಿದ್ದ. ಚಹಾದ ಜೊತೆ ನೋವಿನ ಮುಲಾಮೂ ಇಟ್ಟಿದ್ದ. ಅದಕ್ಕೆ ನನಗೆ ಬೇಸರವಿಲ್ಲ. ಆ ವಿಡಿಯೋದಲ್ಲಿ ಶೋಭಾಳ ತುಟಿ ಅಲುಗುವುದು ಸ್ಪಷ್ಟವಾಗಿ ಕಾಣುತ್ತದೆ. ದಿನಾ ಮಧ್ಯಾಹ್ನ ದನಿ ಪೂರ್ತಿ ಏರಿಸಿ ಮೊಬೈಲಿಗೆ ಕಿವಿ ಹಚ್ಚುತ್ತೇನೆ. ಸರಿಯಾಗಿ ಆ ಹೊತ್ತಿಗೆ ಯಾವನೋ ಮುದುಕ, "ಅಯ್ಯಯ್ಯಪ್ಪೋ ಸತ್ತೆ" ಎಂದು ಒದರುತ್ತಾನೆ. ಮುಂದಿನದು ಕೇಳಿಸುವುದೇ ಇಲ್ಲ.

ನಿನ್ನೆ ಹಾಗೆ ಕಿವಿ ಹಚ್ಚಿಕೊಂಡಿದ್ದಾಗ ಗಂಗವ್ವ ಎದ್ದು ಕುಳಿತು, "ಮತ್ತ ಅದನ್ನ ಹಚ್ಚೀರೇನು?" ಎಂದಳು.

"ಇಲ್ಲ" ಎಂದು ಮೊಬೈಲು ಮಗುಚಿ ಇಟ್ಟೆ. "ಬೆರಳು ತಾಗಿತು."