ಕೊರಳಲ್ಲಿದ್ದ ಕ್ಯಾಮರಾ, ಕತ್ತಲಲ್ಲಿದ್ದ ಕುಲೆ

"ನಮ್ಮ ಕುಟುಂಬದಲ್ಲಿ ಡಿಗ್ರಿಯಾ? ಆಗುವ ಮಾತಲ್ಲ ಮಾರಾಯ" ಎಂದವರು ನಮ್ಮ ದೊಡ್ಡಪ್ಪ. ಹಗಲು ಬೈಕಂಪಾಡಿಯ ಗೋದಾಮಿನಲ್ಲಿ ಮೂಟೆ ಇಳಿಸಿ, ಸಂಜೆ ಕಾಲೇಜಿಗೆ ಓಡಿ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಮೂರನೇ ಸಲ ಎದ್ದು ನಾನು ಬಿ.ಕಾಂ. ಮುಗಿಸಿದೆ. ಅಂಥವನಿಗೆ ಅಂಗೈಯಗಲದ ಒಂದು ಕ್ಯಾಮರಾ ಯಾವ ಮಹಾ?

ನನ್ನ ಮೊಬೈಲಿನ ಕ್ಯಾಮರಾ ಒಡೆದಿತ್ತು. ದುಬೈಯಲ್ಲಿರುವ ಭಾವನ ಹಳೆಯ ಡಿಜಿಟಲ್ ಕ್ಯಾಮರಾ ಕೇಳಿ ತಂದೆ. ಮೇಲೊಂದು ತಿರುಗಿಸುವ ಗುಂಡಿ. ಒಂದು ಕಡೆಗೆ ಫೋಟೋ, ಇನ್ನೊಂದು ಕಡೆಗೆ ವಿಡಿಯೋ. ಮೊಣಕಾಲು ನೋವಿನಿಂದ ಅಮ್ಮ ಪದವಿ ಪ್ರದಾನ ಸಮಾರಂಭಕ್ಕೆ ಬರುವಂತಿರಲಿಲ್ಲ. "ಸರ್ಟಿಫಿಕೇಟ್ ಕೊಡುವುದನ್ನು ನಂಗೆ ತೋರಿಸ್ಬೇಕು" ಎಂದಿದ್ದರು.

ಮುನ್ನಾದಿನ ಬೆಳಿಗ್ಗೆ ಪಡೀಲಿನ ಮನೆಯಲ್ಲಿ, ತೀರಿಹೋದ ಅಜ್ಜನ ಕುಲೆಗೆ ಎಲೆ ಹಾಕಿ ಕೋಳಿ ಸಾರು ಬಡಿಸಿ, ಅವರು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿದೆವು. "ನಾಳೆ ಹುಡುಗನ ಜೊತೆಗೆ ನೀವೂ ಇರಿ" ಎಂದು ಅಮ್ಮ ಕೈಮುಗಿದರು.

ಆಮೇಲೆ ನಾನು ರಿಹರ್ಸಲ್‌ಗೆಂದು ಕದ್ರಿಯ ಸಭಾಂಗಣಕ್ಕೆ ಹೋದೆ. ಯಾರೂ ಬಂದಿರಲಿಲ್ಲ. ಬಾಡಿಗೆ ಗೌನು ತೊಟ್ಟು ಖಾಲಿ ಹಾಲಿನ ಒಂದು ಫೋಟೋ ಒತ್ತಿದೆ. ಸದ್ದೇ ಬರಲಿಲ್ಲ. ಒಳ್ಳೆಯ ಮಾಲು ಹೀಗೇ ಸದ್ದಿಲ್ಲದೆ ಕೆಲಸ ಮಾಡ್ತದೆ ಎಂದು ಮೆಚ್ಚಿ, ಕೊರಳಿಗೆ ತೂಗುಹಾಕಿಕೊಂಡೆ.

ಸಂಜೆ ಅಮ್ಮ, ದೊಡ್ಡಪ್ಪ, ತಂಗಿಯ ಎದುರು ಅದನ್ನು ಟಿವಿಗೆ ಜೋಡಿಸಿದೆ. ಫೋಟೋ ಇರಲಿಲ್ಲ. ಖಾಲಿ ಕುರ್ಚಿಗಳ ಸಾಲೊಂದು ಓರೆಯಾಗಿ, ತನ್ನಷ್ಟಕ್ಕೆ ತೂಗುತ್ತಿತ್ತು. ಕಪ್ಪು ಬಟ್ಟೆಯೊಂದು ಬಂದು ಎಲ್ಲವನ್ನೂ ಮುಚ್ಚಿತು. ಆ ಕತ್ತಲಲ್ಲಿ ಯಾರೋ ಉಸಿರಾಡುತ್ತಿದ್ದರು. ತೀರಾ ಹತ್ತಿರ. ಮೆಟ್ಟಿಲು ಹತ್ತುವ ಸದ್ದು. ಒಂದು ಕೆಮ್ಮು.

ಅಮ್ಮನ ಕೈಯ ಚಹಾ ಲೋಟ ಬಾಯಿಯವರೆಗೆ ಹೋಗಲಿಲ್ಲ. "ಅದು ಅಜ್ಜನ ಕೆಮ್ಮು" ಎಂದರು.

"ಬೀಳಬೇಡ... ಬೀಳಬೇಡ..." ಎಂದಿತು ಕತ್ತಲು.

ಅಜ್ಜ ತೀರಿಕೊಂಡದ್ದು ಬಚ್ಚಲಲ್ಲಿ ಜಾರಿ ಬಿದ್ದು.

ದೊಡ್ಡಪ್ಪ ಸ್ವರ ತಗ್ಗಿಸಿದರು. "ಕುಲೆಗೆ ಸಮಾಧಾನ ಆಗ್ಲಿಲ್ಲ. ಸತ್ತವರು ಸುಮ್ಮನೆ ಹೇಳುವುದಿಲ್ಲ. ನಾಳೆ ಇವ ವೇದಿಕೆಯ ಮೆಟ್ಟಿಲು ಹತ್ತುವುದು ಬೇಡ. ಸರ್ಟಿಫಿಕೇಟ್ ಪೋಸ್ಟಿನಲ್ಲಿ ಬರ್ತದೆ."

"ಎಂತ ದೊಡ್ಡಪ್ಪ, ಅಣ್ಣ ಇಷ್ಟು ವರ್ಷ ಓದಿದ್ದು ಪೋಸ್ಟ್‌ಮ್ಯಾನ್‌ಗಾ?" ಎಂದಳು ತಂಗಿ.

ಕುಟುಂಬದ ಏಕೈಕ ಪದವೀಧರನಾದ ನಾನು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ದೊಡ್ಡಪ್ಪನ ಅಭಿಪ್ರಾಯವನ್ನು ಅನುಮೋದಿಸಿದೆ. ಹೋಗುವುದಿಲ್ಲ ಎಂದೆ.

ಅಷ್ಟರಲ್ಲಿ ಆ ಕತ್ತಲೊಳಗೆ ಮೊಬೈಲ್ ರಿಂಗಾಯಿತು.

"ಹಲೋ ಸರ್" ಎಂದಿತು ಕುಲೆ, ಬಹಳ ವಿನಯದಿಂದ. "ಗೋದಾಮಿನ ಬೀಗದ ಕೈ ಮೇಜಿನಲ್ಲೇ ಉಂಟು ಸರ್. ನಾಳೆ ಒಂದು ರಜೆ ಬೇಕಿತ್ತು."

ಯಾರೂ ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಉದ್ದ ಗೌನು ತೊಟ್ಟು ಖಾಲಿ ವೇದಿಕೆಯ ಮೆಟ್ಟಿಲು ಹತ್ತುವಾಗ ನನಗೆ ನಾನೇ "ಬೀಳಬೇಡ" ಎಂದುಕೊಂಡದ್ದು ಆಗ ನೆನಪಾಯಿತು. ತಂಗಿ ಎದ್ದು ಟಿವಿ ಆರಿಸಿದಳು. ಕೆಮ್ಮು ಮಾತ್ರ ಅಜ್ಜನದ್ದೇ ಎಂದು ಅಮ್ಮ ಹಟ ಹಿಡಿದರು.

ಮರುದಿನ ಹೋದೆ. ಗುಂಡಿಯನ್ನು ಮೂರು ಸಲ ನೋಡಿ, ವಿಡಿಯೋಗೆ ಇಟ್ಟು, ತಂಗಿಯ ಕೈಗೆ ಕ್ಯಾಮರಾ ಕೊಟ್ಟೆ. ಮತ್ತೆ ಕುಲೆ ಮಾತಾಡೀತೆಂದು ಹೆದರಿ ಅವಳು ಅದನ್ನು ಫೋಟೋಗೆ ತಿರುಗಿಸಿದ್ದು ಗೊತ್ತಾದದ್ದು ಮನೆಗೆ ಬಂದ ಮೇಲೆ. ಸಿಕ್ಕಿದ್ದು ಒಂದೇ ಚಿತ್ರ: ಕಪ್ಪು ಗೌನಿನ ಬೆನ್ನು, ತಲೆಯ ಜಾಗದಲ್ಲಿ ಬಿಳಿ ಬೆಳಕು.

ಅಮ್ಮ ಅದನ್ನು ತುಂಬ ಹೊತ್ತು ನೋಡಿದರು. ನಾನು ಸರ್ಟಿಫಿಕೇಟನ್ನೇ ತೆಗೆದು ಅವರ ಕೈಗೆ ಕೊಟ್ಟೆ. ಅಕ್ಷರ ಬಾರದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಸಾಲುಗಳ ಮೇಲೆ ಮೆಲ್ಲಗೆ ಬೆರಳು ಎಳೆದರು.

"ಇದರಲ್ಲಾದ್ರೂ ಇರುವುದು ನೀನೇ ಅಲ್ವಾ ಮಗಾ?"