ಅತ್ತೆ ಅಡ್ಡ ಬಂದರೆ ಕುಂಯ್!

ನನ್ನ ಸೋದರಮಾವನಿಗೆ ಈ ಜಗತ್ತಿನಲ್ಲಿರುವ ಒಬ್ಬನೇ ಒಬ್ಬ ಶತ್ರು ಪೆನ್ಸಿಲ್ ಸೆಲ್ಲು ಎಂದರೆ ನೀವು ನಂಬಲಿಕ್ಕಿಲ್ಲ. ಜಯನಗರದ ಅವರ ಮನೆಗೆ ಬಂದು ನೋಡಿ, ಗೋಡೆ ಗಡಿಯಾರಕ್ಕೆ ಇವತ್ತಿಗೂ ಕೀ ಕೊಡಬೇಕು! ರಿಮೋಟನ್ನು ಅಂಗೈಗೆ ಬಡಿದು, ಸೆಲ್ಲನ್ನು ಬಿಸಿಲಿಗಿಟ್ಟು, ಹಲ್ಲಲ್ಲಿ ಕಚ್ಚಿ ಬದುಕಿಸುವುದು ಮಾನವಂತರು ಮಾಡುವ ಕೆಲಸವೇ ಎಂದು ಕೇಳುತ್ತಾರೆ. ನಾವೆಲ್ಲ ಮಾಡುವುದು ಅದನ್ನೇ ಆದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ.

ರೇಡಿಯೊ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾವ ಸುಮ್ಮನೆ ಕೂರಲಿಲ್ಲ. ಅಡುಗೆಮನೆ ಬಾಗಿಲಲ್ಲಿರುವ ಫ್ರಿಜ್ಜಿನ ಮೇಲೆ ಒಂದು ಪೆಟ್ಟಿಗೆ ಕೂರಿಸಿದರು. ಅದು ಗಾಳಿಯಲ್ಲೇ ವಿದ್ಯುತ್ತನ್ನು ಎರಚುತ್ತದಂತೆ. ಅಲ್ಲಲ್ಲಿ ಅಂಟಿಸಿದ ಪುಟ್ಟ ಸೆನ್ಸರ್ ಬಿಲ್ಲೆಗಳು ಆ ಅಲೆಗಳನ್ನು ಚೂರುಚೂರೇ ಕುಡಿದು, ಹೊಟ್ಟೆ ತುಂಬಿದೊಡನೆ ಸುದ್ದಿ ಕಳಿಸುತ್ತವೆ. ಸೆಲ್ಲೂ ಬೇಡ, ವೈರೂ ಬೇಡ! ಎಂಥ ಸುದ್ದಿ ಅಂತೀರಾ? ದೋಸೆಹಿಟ್ಟು ಉಬ್ಬಿತೋ ಇಲ್ಲವೋ ಎಂಬ ಸುದ್ದಿ.

"ಮುಚ್ಚಳ ತೆಗೆದ್ರೆ ಕಾಣತ್ತಲ್ರೀ?" ಎಂದರು ಅತ್ತೆ.

"ಮುಚ್ಚಳ ತೆಗೆಯೋದು ಹಳೇ ಟೆಕ್ನಾಲಜಿ ಕಣೇ!"

ಸ್ಟೀಲು ಅಲೆಗಳನ್ನು ತಡೆಯುತ್ತದೆಂದು ಅತ್ತೆಯ ತವರಿನ ಸ್ಟೀಲ್ ಕೊಳಗಗಳೆಲ್ಲ ಅಟ್ಟ ಸೇರಿದವು. ಹಿಟ್ಟು ಬಿಲ್ಲೆ ಅಂಟಿಸಿದ ಪ್ಲಾಸ್ಟಿಕ್ ಡಬ್ಬಕ್ಕೆ ವರ್ಗವಾಯಿತು. ಉಳಿದ ತೊಂದರೆ ಒಂದೇ. ಪೆಟ್ಟಿಗೆಗೂ ಡಬ್ಬಕ್ಕೂ ನಡುವೆ ಯಾರಾದರೂ ನಿಂತರೆ ಬಿಲ್ಲೆಗೆ ಉಪವಾಸ, ಪೆಟ್ಟಿಗೆ "ಕುಂಯ್" ಎಂದು ಅಳುತ್ತದೆ. ಆ ನಡುವೆ ಇದ್ದದ್ದು ಒಲೆ. ಒಲೆಯ ಮುಂದೆ ಇರುವವರು ಅತ್ತೆ!

"ಪಕ್ಕಕ್ಕೆ ಸರಿಯೇ! ಮನುಷ್ಯರ ಮೈಯಲ್ಲಿ ಮುಕ್ಕಾಲು ಪಾಲು ನೀರು. ನೀರು ಅಲೆ ನುಂಗತ್ತೆ."

"ಹಂಗಾದ್ರೆ ನಾನೇನು ನೀರಿನ ಸಂಪಾ?"

ಆಮೇಲೆ ನಡುಮನೆಯ ಕಿಟಕಿಯಲ್ಲಿದ್ದ ತುಳಸಿ ಕುಂಡಕ್ಕೂ ಒಂದು ಬಿಲ್ಲೆ ಬಂತು. ಈಗ ಸೋಫಾ ಅಡ್ಡ! ತಮ್ಮ ಮಗಳ ಮದುವೆಗೆ ಕರೆಯಲು ಬಂದ ಚಿಕ್ಕಲಸಂದ್ರದ ದಂಪತಿಗೆ ಮಾವ, "ಮೇಡಂ, ನೀವು ಹಂಗೇ ಇರಿ. ಸಾರ್, ನೀವು ಒಂಚೂರು ಬಗ್ಗಿ" ಎಂದರು. ಪಾಪ, ಆ ಮನುಷ್ಯ ಕಾಫಿ ಮುಗಿಯುವವರೆಗೂ ಬಗ್ಗಿಯೇ ಇದ್ದರು. ಮೊಮ್ಮಗನ ನಾಮಕರಣಕ್ಕೆ ಅವರು ವಾಟ್ಸ್ಯಾಪ್‌ನಲ್ಲಿ ಕರೆದರು.

ಕೊನೆಗೆ ಒಂದು ದಿನ ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಕುಂಯ್ ಎಂದಿತು. ಮಾವ "ಸರಿಯೇ!" ಎಂದು ಕೂಗಿದರು. ಅತ್ತೆ ಸರಿದರು, ಸಾಸಿವೆ ಸೀದಿತು.

"ಈ ಮನೇಲಿ ಒಂದೋ ಆ ಪೆಟ್ಗೆ ಇರ್ಬೇಕು, ಇಲ್ಲಾ ನಾನಿರ್ಬೇಕು!"

"ಪೆಟ್ಗೆ ಫಿಟ್ ಮಾಡಾಗಿದ್ಯಲ್ಲೇ..." ಎಂದರು ಮಾವ! ಇಂಥ ಮಾತಿಗೆ ಯಾವ ಹೆಂಡತಿ ನಿಲ್ಲುತ್ತಾಳೆ? ಅತ್ತೆ ಬ್ಯಾಗು ತುಂಬಿಕೊಂಡು, ಆಟೊ ಹತ್ತಿ, ತ್ಯಾಗರಾಜನಗರದ ತಂಗಿಯ ಮನೆಗೆ ಹೊರಟೇಬಿಟ್ಟರು. ಮೀಟರ್ ಬಿಸಿಯಾಗುವಷ್ಟರಲ್ಲಿ ಮುಗಿಯುವ ದೂರ, ಆದರೂ ಮನೆ ಬಿಟ್ಟದ್ದು ಬಿಟ್ಟದ್ದೇ ತಾನೇ? ತಾವಾಗಿ ಆ ಮನೆಗೆ ಕಾಲಿಡುವುದಿಲ್ಲ ಎಂದು ನನಗೆ ಫೋನಿನಲ್ಲೇ ಹೇಳಿದರು.

ಮಾವನೂ ಫೋನ್ ಮಾಡಿದರು. "ಸಿಗ್ನಲ್ ಸೂಪರಾಗಿದೆ ಕಣೋ! ಒಂದ್ಸಲಾನೂ ತಪ್ಪಿಲ್ಲ!" ಹೇಳಿದ ದನಿ ಮಾತ್ರ ಸೂಪರಾಗಿರಲಿಲ್ಲ.

ನೋಡಿಕೊಂಡು ಬರೋಣವೆಂದು ಹೋದೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕುಂಯ್ ಎಂದದ್ದು ಕೇಳಿ, ಅತ್ತೆ ಬಂದರೆಂದು ಖುಷಿಯಿಂದ ಅಡುಗೆಮನೆಗೆ ನುಗ್ಗಿದೆ. ಆರಿದ ಒಲೆಯ ಮುಂದೆ ಮಾವ ಒಬ್ಬರೇ ನಿಂತಿದ್ದರು. ಪಕ್ಕಕ್ಕೆ ಸರಿದರು. ಪೆಟ್ಟಿಗೆ ಸುಮ್ಮನಾಯಿತು. ಮತ್ತೆ ಅತ್ತೆಯ ಜಾಗಕ್ಕೆ ಬಂದು ನಿಂತರು. ಕುಂಯ್.

"ಏನ್ ಮಾವ, ಟೆಸ್ಟಿಂಗಾ?"

"ಹೂಂ" ಎಂದವರು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಅವರೇ ಮೆಲ್ಲಗೆ ಜೇಬಿನಿಂದ ಫೋನ್ ತೆಗೆದರು.

"ಸಿಗ್ನಲ್ ಒಂಚೂರೂ ತಪ್ತಿಲ್ಲ ಕಣೇ. ಮನೆ ಬಿಕೋ ಅಂತಿದೆ. ಬಂದು ಅಡ್ಡ ನಿಂತ್ಕೊಳ್ಳೇ."

ಅತ್ತೆ ಆ ಕಡೆಯಿಂದ ಏನೆಂದರೋ ನನಗೆ ಕೇಳಿಸಲಿಲ್ಲ. ಮಾವ ಮಾತ್ರ ಸ್ಟೂಲ್ ಎಳೆದುಕೊಂಡು ಹತ್ತಿ, ಅಟ್ಟದಿಂದ ಕೊಳಗಗಳನ್ನು ಒಂದೊಂದೇ ಇಳಿಸತೊಡಗಿದರು. ನಾನು ಸ್ಟೂಲ್ ಹಿಡಿದುಕೊಂಡೆ.